ನಿಮ್ಮ ಭಾನುವಾರ ಚೆನ್ನಾಗಿದೆ, ಉಳಿದದ್ದನ್ನು ತಿದ್ದಿ

ನಮಸ್ಕಾರ,

ನೀವು ಕಳಿಸಿದ ನಾಗಾಲ್ಯಾಂಡ್ ಪ್ರವಾಸದ ಬರಹ ‘ಮೋಡಗಳ ಊರು ಕೊಹಿಮಾ’ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸುವ ಬರಹವೂ ಇದಲ್ಲ. ಇದರ ನಡುವೆ ಒಂದು ಪುಟ ತುಂಬಾ ಚೆನ್ನಾಗಿದೆ. ಆ ಪುಟಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದು ಭಾನುವಾರದ ಪುಟ. ಊರಿಗೆ ಊರೇ ಬಂದ್. ಅಂಗಡಿ ಇಲ್ಲ, ಟ್ಯಾಕ್ಸಿ ಇಲ್ಲ. ನೀವು ಇಳಿದುಕೊಂಡಿದ್ದ ಮನೆಯವರೆಲ್ಲ ಚರ್ಚಿಗೆ ಹೋಗಿದ್ದಾರೆ, ಮನೆಯಲ್ಲೇ ಉಳಿದ ಅಜ್ಜಿ ಒಲೆ ಮುಂದೆ ಕೂತು ಗಾಲ್ಹೊ ಮಾಡುತ್ತಿದ್ದಾರೆ, ಅಕ್ಕಿ, ಸೊಪ್ಪು, ಒಲೆ ಮೇಲೆ ನೇತುಹಾಕಿ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ ಎಲ್ಲ ಒಂದೇ ಪಾತ್ರೆಯಲ್ಲಿ ಮೆತ್ತಗೆ ಬೆಂದು ಗಂಜಿಯಾಗುತ್ತಿದೆ, ಒಬ್ಬರ ಭಾಷೆ ಒಬ್ಬರಿಗೆ ಬರದೆ ನೀವಿಬ್ಬರೂ ಸರದಿ ಮೇಲೆ ಸೌದೆ ಒಳಕ್ಕೆ ತಳ್ಳುತ್ತಾ ಕೂತಿದ್ದೀರಿ. ಇಲ್ಲಿ ನೀವು ‘ಅದ್ಭುತ’, ‘ರಮಣೀಯ’ ಅಂತ ಎಲ್ಲೂ ಬರೆದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದೀರಿ. ಆದರೆ ಕೊನೆಗೆ ‘ಹೀಗೆ ಒಂದು ದಿನ ವ್ಯರ್ಥವಾಯಿತು’ ಅಂತ ಸೇರಿಸಿದ್ದೀರಿ. ಮೊದಲು ಆ ಸಾಲು ಹೊಡೆದು ಹಾಕಿ. ಆರಾಮಾಗಿ ಇರೋಣ ಅಂತ ಹೋದವರು ನೀವು, ಇಡೀ ಬರಹದಲ್ಲಿ ನೀವು ಆರಾಮಾಗಿ ಇದ್ದದ್ದು ಅವತ್ತು ಮಾತ್ರ ಅಲ್ವಾ? ಊರು ಯಾಕೆ ಮುಚ್ಚಿತ್ತು ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ. 2011ರ ಜನಗಣತಿ ಪ್ರಕಾರ ನಾಗಾಲ್ಯಾಂಡಿನಲ್ಲಿ ನೂರಕ್ಕೆ ಸುಮಾರು 88 ಜನ ಕ್ರೈಸ್ತರು, ಅವರಲ್ಲಿ ಬ್ಯಾಪ್ಟಿಸ್ಟ್ ಪಂಗಡದವರೇ ಜಾಸ್ತಿ. ಇದು ಗೊತ್ತಾದರೆ ನಿಮ್ಮ ಖಾಲಿ ಬೀದಿ ಓದುಗರಿಗೆ ಅರ್ಥವಾಗುತ್ತದೆ.

ಈಗ ಕಷ್ಟದ ಮಾತು. ನಿಮ್ಮ ಮೊದಲ ಪ್ಯಾರಾ ‘ಮುಖಕ್ಕೆ ಹಚ್ಚೆ ಹಾಕಿಕೊಂಡ ರುಂಡ ಬೇಟೆಗಾರರ ನಾಡಿಗೆ ಹೆಜ್ಜೆ ಇಟ್ಟಾಗ’ ಅಂತ ಶುರುವಾಗುತ್ತದೆ. ಇದು ನಿಮ್ಮ ಕಣ್ಣು ಕಂಡದ್ದಲ್ಲ. ಆ ಮುಖದ ಹಚ್ಚೆ ಕೊನ್ಯಾಕ್ ಬುಡಕಟ್ಟಿನವರದು, ಅವರಿರುವುದು ರಾಜ್ಯದ ಉತ್ತರದ ತುದಿಯ ಮೊನ್ ಜಿಲ್ಲೆಯಲ್ಲಿ. ನೀವು ಹೋದದ್ದು ದಕ್ಷಿಣದ ಕೊಹಿಮಾಕ್ಕೆ, ಅಂಗಾಮಿ ಬುಡಕಟ್ಟಿನವರ ನೆಲಕ್ಕೆ. ಎರಡರ ನಡುವೆ ರಸ್ತೆಯಲ್ಲಿ ಇಡೀ ದಿನದ ಹಾದಿ ಇದೆ. ರುಂಡ ಬೇಟೆ ನಿಂತು ತಲೆಮಾರುಗಳೇ ಆದವು. ನಿಮಗೆ ಗಂಜಿ ಬಡಿಸಿದ ಅಜ್ಜಿಯ ಊರನ್ನು ಹೀಗೆ ಪರಿಚಯಿಸುವುದು ನನಗೆ ಸರಿ ಕಾಣಲಿಲ್ಲ, ಖಾರವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಓದುಗರಲ್ಲಿ ಬೆಂಗಳೂರಿನವರು ಜಾಸ್ತಿ. ಅವರ ಪಕ್ಕದ ಮನೆಯಲ್ಲಿ, ಆಫೀಸಿನಲ್ಲಿ ನಾಗಾ ಹುಡುಗ ಹುಡುಗಿಯರಿದ್ದಾರೆ. 2012ರ ಆಗಸ್ಟಿನಲ್ಲಿ ಬರೀ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿ ಈ ಊರು ಬಿಟ್ಟಿದ್ದರು. ಅದನ್ನು ನೋಡಿದ ಊರಿನಲ್ಲಿ ಅವರ ಬಗ್ಗೆ ಬರೆಯುವಾಗ ಕಣ್ಣಾರೆ ಕಂಡದ್ದನ್ನೇ ಬರೆಯಬೇಕು ಅನ್ನುವುದು ನನ್ನ ಹಟ.

ಇದೇ ಕಾರಣಕ್ಕೆ ‘ನಾಗಾ ಭಾಷೆ’, ‘ನಾಗಾ ಶಾಲು’, ‘ನಾಗಾ ಊಟ’ ಅನ್ನುವುದನ್ನೂ ಬಿಡಿಸಿ ಬರೆಯಿರಿ. ನಿಮ್ಮ ಅಜ್ಜಿ ಆಡಿದ್ದು ಅಂಗಾಮಿಗಳ ಭಾಷೆ ತೆನ್ಯಿದಿಯೆ ಇರಬೇಕು. ಬೇರೆ ಬೇರೆ ಬುಡಕಟ್ಟಿನವರು ಪೇಟೆಯಲ್ಲಿ ಮಾತಾಡಿಕೊಳ್ಳುವುದು ಅಸ್ಸಾಮಿಯಿಂದ ಬೆಳೆದ ನಾಗಾಮೀಸ್, ಕಚೇರಿಯಲ್ಲಿ ಇಂಗ್ಲಿಷು. ಶಾಲಿನ ವಿಷಯ ಇನ್ನೂ ಮುಖ್ಯ. ನೀವು ‘ಅಂಗಾಮಿ ಶಾಲು ಕೊಂಡೆ’ ಅಂತ ಬರೆದಿದ್ದೀರಿ, ಆದರೆ ಫೋಟೊದಲ್ಲಿ ನಡುವೆ ಬಿಳಿ ಪಟ್ಟಿ, ಅದರ ಮೇಲೆ ಆನೆ, ಹುಲಿ, ಮಿಥುನ್ (ಅಲ್ಲಿನ ದನದ ಜಾತಿಯ ದೊಡ್ಡ ಪ್ರಾಣಿ) ಚಿತ್ರ ಕಾಣುತ್ತಿದೆ. ಅದು ಇನ್ನೊಂದು ಬುಡಕಟ್ಟಾದ ಆವೊ ಜನರ ತ್ಸುಂಗ್‌ಕೊಟೆಪ್ಸು. ಹಿಂದೆ ಯುದ್ಧದಲ್ಲಿ ಗೆದ್ದವರು, ಮಿಥುನ್ ಬಲಿ ಕೊಟ್ಟು ಊರಿಗೆ ಊಟ ಹಾಕಿದವರು ಮಾತ್ರ ಹೊದೆಯಬಹುದಾಗಿದ್ದ ಶಾಲು. ಅದನ್ನು ಹೊದ್ದು ನೀವು ಸೆಲ್ಫಿ ತೆಗೆದಿದ್ದೀರಿ. ತಪ್ಪು ಅಂತ ಹೇಳುತ್ತಿಲ್ಲ, ಈಗ ಅದು ಅಂಗಡಿಯಲ್ಲಿ ಸಿಗುತ್ತದೆ. ಏನನ್ನು ಹೊದ್ದಿದ್ದೀರಿ ಅಂತ ಓದುಗರಿಗೆ ತಿಳಿಸಿ, ಅಷ್ಟೇ.

ಕೊಹಿಮಾ ಹತ್ತಿರದ ಹಳ್ಳಿ ಖೊನೊಮಾದ ಭಾಗದಲ್ಲಿ ‘ಹಸಿರು ಹೊದ್ದ ಮೆಟ್ಟಿಲು ಗದ್ದೆಗಳು’ ಅಂತ ಇದೆ. ನೀವು ಹೋದದ್ದು ಜನವರಿಯಲ್ಲಿ. ಆಗ ಕೊಯ್ಲು ಮುಗಿದು ಬರೀ ಕೂಳೆ ಇರುತ್ತದೆ, ನಿಮ್ಮ ಫೋಟೊದಲ್ಲೂ ಗದ್ದೆ ಕಂದು ಬಣ್ಣಕ್ಕಿದೆ! ಎಲ್ಲೋ ಓದಿದ ಹಸಿರು ನಿಮ್ಮ ಕಣ್ಣಿನ ಮುಂದಿದ್ದ ಕಂದನ್ನು ಮುಚ್ಚಿಬಿಟ್ಟಿದೆ. ಆ ಊರಿನಲ್ಲಿ ನೋಡಬೇಕಾದ್ದು ಬೇಕಾದಷ್ಟಿದೆ. ಫೋಟೊದ ಅಂಚಿನಲ್ಲಿ ಮೋಟು ಮೋಟಾಗಿ ನಿಂತ ಮರಗಳಿವೆಯಲ್ಲ, ಅವು ಆಲ್ಡರ್. ಅಲ್ಲಿನವರು ಬುಡ ಉಳಿಸಿ ಮೇಲಿನದನ್ನು ಮಾತ್ರ ಕಡಿಯುತ್ತಾರೆ, ಅದು ಮತ್ತೆ ಚಿಗುರುತ್ತದೆ. ಅದರ ಬೇರು ಮಣ್ಣಿಗೆ ಸಾರಜನಕ ಸೇರಿಸುವುದರಿಂದ ಮರಗಳ ನಡುವಿನ ಹೊಲ ಸೊರಗುವುದಿಲ್ಲ. 1879ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಊರು ಅದು. ಬೇಟೆಯೇ ಬದುಕಾಗಿದ್ದ ಅದೇ ಊರು 1998ರಲ್ಲಿ ತಾನಾಗಿಯೇ ಕಾಡಿನಲ್ಲಿ ಬೇಟೆ ನಿಲ್ಲಿಸಿ, ಟ್ರಾಗೊಪಾನ್ ಹಕ್ಕಿಗೆ ರಕ್ಷಿತ ಜಾಗ ಮಾಡಿಕೊಟ್ಟಿತು. ನೀವು ಅಲ್ಲಿ ಮಾತಾಡಿಸಿದ ಮಾಜಿ ಬೇಟೆಗಾರರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಅವರು ಏನು ಹೇಳಿದರು? ನನಗೆ ಅದು ಬೇಕು.

ಕೊಹಿಮಾದ ಎರಡನೇ ಮಹಾಯುದ್ಧದ ಸ್ಮಶಾನಕ್ಕೆ ನೀವು ಕೊಟ್ಟದ್ದು ‘ಶಾಂತ ವಾತಾವರಣ, ಒಳ್ಳೆ ವ್ಯೂ’. ಸಾಲದು. 1944ರ ಏಪ್ರಿಲಿನಿಂದ ಜೂನ್‌ವರೆಗೆ ಜಪಾನಿ ಸೇನೆಗೂ ಬ್ರಿಟಿಷ್ ಮತ್ತು ಭಾರತೀಯ ಸೇನೆಗೂ ಅಲ್ಲಿ ಕಾದಾಟ ನಡೆಯಿತು. ಜಿಲ್ಲಾಧಿಕಾರಿ ಬಂಗಲೆಯ ಟೆನಿಸ್ ಅಂಗಳದ ಆಚೆ ಒಂದು ಕಡೆಯವರು, ಈಚೆ ಇನ್ನೊಂದು ಕಡೆಯವರು, ಗ್ರೆನೇಡ್ ಎಸೆದರೆ ಮುಟ್ಟುವಷ್ಟು ಹತ್ತಿರ. ಆ ಅಂಗಳದ ಗೆರೆಗಳನ್ನು ಇವತ್ತಿಗೂ ಬಿಳಿ ಕಾಂಕ್ರೀಟಿನಲ್ಲಿ ಉಳಿಸಿದ್ದಾರೆ, ನೀವು ಅದನ್ನು ದಾಟಿಕೊಂಡೇ ಮೇಲೆ ಹತ್ತಿರುತ್ತೀರಿ. 1,420 ಸಮಾಧಿಗಳಿವೆ. ಎಲ್ಲಕ್ಕಿಂತ ಮೇಲೆ, ದಹನ ಮಾಡಿದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕ ಇದೆ. ಸುತ್ತಲಿನ ನಾಗಾ ಊರುಗಳು ಸುಟ್ಟುಹೋದವು, ಅಲ್ಲಿನವರು ಗುಂಡಿನ ಮಳೆಯಲ್ಲಿ ಹೊರೆ ಹೊತ್ತರು, ಗಾಯಾಳುಗಳನ್ನು ಇಳಿಸಿದರು. ಗೇಟಿನ ಹತ್ತಿರದ ಸ್ಮಾರಕದ ಹೆಸರುವಾಸಿ ಸಾಲನ್ನು, ‘ನಿಮ್ಮ ನಾಳೆಗಾಗಿ ನಮ್ಮ ಇಂದನ್ನು ಕೊಟ್ಟೆವು’ ಅನ್ನುವುದನ್ನು, ಎಲ್ಲರೂ ಹಾಕುತ್ತಾರೆ, ನೀವು ಬಿಡಿ. ಒಂದು ಸಮಾಧಿಯ ಮುಂದೆ ನಿಂತು ವಯಸ್ಸು ಓದಿದೆ ಅಂತ ಬರೆದಿದ್ದೀರಲ್ಲ, ಅಲ್ಲೇ ಇನ್ನಷ್ಟು ಹೊತ್ತು ನಿಲ್ಲಿ.

ಹಾರ್ನ್‌ಬಿಲ್ ಹಬ್ಬದ ಪುಟವನ್ನು ಪೂರ್ತಿ ತೆಗೆಯಿರಿ. ಅದು ನಡೆಯುವುದು ಡಿಸೆಂಬರ್ 1ರಿಂದ 10ರವರೆಗೆ, ಕೊಹಿಮಾ ಹತ್ತಿರದ ಕಿಸಾಮಾದಲ್ಲಿ. ನೀವು ನೋಡಿಲ್ಲ. ಖಾಲಿ ಕಿಸಾಮಾಕ್ಕೆ ಹೋಗಿದ್ದರೆ ಆ ಖಾಲಿಯನ್ನೇ ಬರೆಯಿರಿ. ಹಾಗೇ ‘ನಮ್ಮ ಮಡಿಕೇರಿಯ ಹಾಗೆ’ ಅಂತ ಪುಟಕ್ಕೊಮ್ಮೆ ಬರುವುದೂ ಹೋಗಲಿ. ಕೊಹಿಮಾದ ಇಳಿಜಾರಿನ ಮನೆಗಳು, ಕಡಿದಾದ ಮೆಟ್ಟಿಲು, ಐದು ಗಂಟೆಗೆಲ್ಲ ಬೀಳುವ ಕತ್ತಲೆ ಅದರದೇ. ಹೊರಗಿನವರು ರಾಜ್ಯದೊಳಗೆ ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್ಟಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ದಿಮಾಪುರದವರೆಗೆ ರೈಲು ವಿಮಾನ ಎರಡೂ ಇವೆ, ಅಲ್ಲಿಂದ ಸುಮಾರು 70 ಕಿಲೋಮೀಟರ್ ಘಟ್ಟದ ರಸ್ತೆ ಅಂತ ಕೊನೆಯಲ್ಲಿ ಚುಟುಕಾಗಿ ಹಾಕಿ, ಸಾಕು.

ಕೊಹಿಮಾದ ಮಾವೊ ಮಾರ್ಕೆಟ್ಟಿನ ಭಾಗ ನೀವೇ ಇನ್ನೊಮ್ಮೆ ಓದಿ ನೋಡಿ. ‘ಹುಳ! ಕಪ್ಪೆ! ಅಯ್ಯಪ್ಪಾ!’ ಅಂತ ಕೂಗಿ ಮುಂದೆ ಹೋಗಿದ್ದೀರಿ. ಅಖುನಿಯ ವಾಸನೆಗೆ ‘ಗಬ್ಬು’ ಅಂದಿದ್ದೀರಿ. ಅದು ಹುದುಗಿಸಿದ ಸೋಯಾ ಅವರೆ, ಅಲ್ಲಿನ ಮನೆ ಮನೆಯ ರುಚಿ. ನಮ್ಮ ಒಣ ಮೀನು ಹುರಿಯುವಾಗ ಪರ ಊರಿನವರು ಮೂಗು ಮುಚ್ಚಿಕೊಂಡರೆ ನಮಗೆ ಹೇಗನ್ನಿಸುತ್ತದೆ? ಬಿದಿರಿನ ಕಳಲೆ ಅಂತೂ ಮಲೆನಾಡಿನವರಿಗೂ ಅವರಿಗೂ ಇಬ್ಬರಿಗೂ ಬೇಕು, ಅಲ್ಲಿಂದ ಶುರು ಮಾಡಿದರೆ ಬರಹದ ಧಾಟಿಯೇ ಬದಲಾಗಬಹುದು. ರೇಷ್ಮೆ ಹುಳ ಮಾರುತ್ತಿದ್ದ ಹೆಂಗಸು ಯಾವ ಊರಿಂದ ಬರುತ್ತಾರೆ, ಯಾರು ಕೊಳ್ಳುತ್ತಾರೆ, ಹೇಗೆ ಬೇಯಿಸುತ್ತಾರೆ, ಒಂದಾದರೂ ಕೇಳಿದ್ದರೆ ಅದನ್ನು ಬರೆಯಿರಿ. ಕೇಳಿಲ್ಲದಿದ್ದರೆ ಕೇಳಲಿಲ್ಲ ಅಂತಲೇ ಬರೆಯಿರಿ.

ಹೊಸ ಪ್ರತಿಯನ್ನು ಭಾನುವಾರದಿಂದಲೇ ಶುರು ಮಾಡಿ ಕಳಿಸಿ. ಉದ್ದ ಅರ್ಧಕ್ಕೆ ಇಳಿದರೂ ಚಿಂತೆಯಿಲ್ಲ. ಅಜ್ಜಿಯದು ಮತ್ತು ಮಾರ್ಕೆಟ್ಟಿನ ಹೆಂಗಸಿನದು, ಈ ಎರಡು ಫೋಟೊಗಳನ್ನು ಅವರನ್ನು ಕೇಳಿ ತೆಗೆದಿರಾ ಅಂತ ಜೊತೆಗೆ ತಿಳಿಸಿ. ಕೇಳಿರದಿದ್ದರೆ ಅವನ್ನು ನಾವು ಹಾಕುವುದಿಲ್ಲ, ಒಲೆಯ ಫೋಟೊ ಒಂದೇ ಸಾಕು.