ನೀರಲ್ಲಿರೋ ಕೀಟನಾಶಕವನ್ನ ನ್ಯಾನೋ ಕಣಗಳಿಂದ ಕಂಡುಹಿಡಿಯೋದು ಹೇಗೆ?

ಬಂಗಾರದ ಉದಾಹರಣೆ ತಗೊಳ್ಳಿ. ಬಂಗಾರವನ್ನ ಸುಮಾರು 15 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಸೈಜಿನ ಕಣ ಮಾಡಿ ನೀರಲ್ಲಿ ತೇಲಿಸಿದ್ರೆ ಅದು ಹಳದಿ ಕಾಣಲ್ಲ, ದಾಳಿಂಬೆ ರಸದ ಥರ ಕೆಂಪಗೆ ಕಾಣತ್ತೆ. ಕಣಗಳು ಬಿಡಿಬಿಡಿಯಾಗಿದ್ರೆ ಮಾತ್ರ ಈ ಕೆಂಪು, ಒಂದಕ್ಕೊಂದು ಅಂಟಿ ಗುಂಪಾದ್ರೆ ಬಣ್ಣ ನೇರಳೆ ಆಮೇಲೆ ನೀಲಿ ಕಡೆ ತಿರುಗತ್ತೆ, ಕೆಲವು ಕೀಟನಾಶಕಗಳು ಮಾಡೋದೂ ಇದನ್ನೇ, ಕಣದ ಮೇಲೆ ಕೂತು ಗುಂಪು ಕಟ್ಟಿಸ್ತವೆ.

ಐಐಟಿ ಮದ್ರಾಸ್‌ನ ಪ್ರದೀಪ್ ಅವರ ತಂಡ 2003ರಲ್ಲೇ ಎಂಡೋಸಲ್ಫಾನ್ ಮೇಲೆ ಇದನ್ನ ತೋರಿಸಿತ್ತು. ಹೌದು, ಕಾಸರಗೋಡು, ಪುತ್ತೂರು, ಬೆಳ್ತಂಗಡಿ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿ ಎಷ್ಟೋ ಮನೆಗಳನ್ನ ಹಾಳು ಮಾಡಿದ ಅದೇ ವಿಷ. ಅಂಥ ಊರಲ್ಲಿ ಬಾವಿ ನೀರು ಅಲ್ಲೇ ಚೆಕ್ ಮಾಡೋ ಹಾಗಿದ್ರೆ ಎಷ್ಟು ಅನುಕೂಲ ಆಗ್ತಿತ್ತು ಯೋಚನೆ ಮಾಡಿ.

ತೊಂದರೆ ಏನಂದ್ರೆ, ಬರೀ ಉಪ್ಪು ಬಿದ್ರೂ ಕಣ ಗುಂಪಾಗ್ತವೆ. ಗಡಸು ಬೋರ್‌ವೆಲ್ ನೀರಲ್ಲಿ ವಿಷ ಇಲ್ದೇನೂ ಬಣ್ಣ ಬದಲಾಗಬಹುದು. ಅದಕ್ಕೇ ಕಣಕ್ಕೆ ಆಪ್ಟಾಮರ್ ಅನ್ನೋ ಡಿಎನ್ಎ ತುಂಡೋ ಆಂಟಿಬಾಡಿನೋ ಕಟ್ಟಿ, ಬೇಕಾದ ಅಣುವನ್ನ ಮಾತ್ರ ಹಿಡಿಯೋ ಹಾಗೆ ಮಾಡ್ತಾರೆ. ಬಾಟಲಿ ನೀರಲ್ಲಿ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ದಾಟಬಾರದು, ಅಷ್ಟು ಸಣ್ಣ ಪ್ರಮಾಣ ಖಚಿತವಾಗಿ ಹೇಳೋಕೆ ಈಗ್ಲೂ ಲ್ಯಾಬ್ ಟೆಸ್ಟೇ ಬೇಕು.