ಸಂಪಾದಕರ ಉತ್ತರ: ಕಂಪ್ಯೂಟರ್ ಯಾಕೆ ತಡೆಯಲಿಲ್ಲ?

(ಪತ್ರದ ಸಾರ: ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ ತಂದೆಯವರ ಬಿಲ್‌ನಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ) ಒಂಬತ್ತು ಸಲ, ಎಲೆಕ್ಟ್ರೊಲೈಟ್ಸ್ (ಸೋಡಿಯಂನಂಥ ಲವಣಗಳ ಪರೀಕ್ಷೆ) ಒಂಬತ್ತು ಸಲ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಎರಡು ಸಲ ಇದೆ. ಆರ್ಡರ್ ಹಾಕುವುದು ಕಂಪ್ಯೂಟರ್‌ನಲ್ಲೇ. ‘ಇದು ಮೊನ್ನೆಯಷ್ಟೇ ಆಗಿದೆ’ ಎಂದು ಅದು ಹೇಳಲಾರದೆ?)

ಹೇಳಬಲ್ಲದು. ಆದರೆ ನೀವು ಬರೆದಿರುವ ಪರೀಕ್ಷೆಗಳು ಒಂದೇ ಕಾರಣಕ್ಕೆ ಮರುಕಳಿಸಿದವಲ್ಲ, ಆದ್ದರಿಂದ ಮದ್ದೂ ಒಂದೇ ಅಲ್ಲ.

ಎಚ್‌ಬಿಎ1ಸಿಯದು ಸುಲಭದ ಲೆಕ್ಕ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯ ಪ್ರಮಾಣ ಒಂದು ವಾರದಲ್ಲಿ ಹೇಳಿಕೊಳ್ಳುವಂತೆ ಬದಲಾಗದು. ಎರಡನೆಯ ಸಲ ಆಗುವುದು ಸಾಮಾನ್ಯವಾಗಿ ಹೀಗೆ: ದಾಖಲಾದ ದಿನ ಡ್ಯೂಟಿ ಡಾಕ್ಟರು ಬರೆಯುತ್ತಾರೆ, ನಾಲ್ಕನೇ ದಿನ ಬಂದ ತಜ್ಞರು ‘ಡಯಾಬಿಟಿಕ್ ಪ್ರೊಫೈಲ್’ ಎನ್ನುತ್ತಾರೆ, ಅದರ ಹೊಟ್ಟೆಯೊಳಗೆ ಇದೂ ಕೂತಿರುತ್ತದೆ. ಇಂಥದ್ದಕ್ಕೆ ಕನಿಷ್ಠ ಅಂತರದ ನಿಯಮ (ಇಷ್ಟು ದಿನದೊಳಗೆ ಅದೇ ಪರೀಕ್ಷೆ ಮತ್ತೆ ಬೇಡ ಎಂಬುದು) ಸಾಕು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಪೆಥಾಲಜಿಸ್ಟ್ಸ್ ಇಂಥ ಅಂತರಗಳ ಪಟ್ಟಿಯನ್ನೇ ಪ್ರಕಟಿಸಿದೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಟಿಎಸ್‌ಎಚ್ (ಥೈರಾಯ್ಡನ್ನು ನಿಯಂತ್ರಿಸುವ ಹಾರ್ಮೋನ್) ನೋಡಲು 6ರಿಂದ 8 ವಾರ ಕಾಯಬೇಕು. ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಅರ್ಧಕ್ಕಿಳಿಯಲು ಸುಮಾರು 19 ಗಂಟೆ ಬೇಕು, ಹಾಗಾಗಿ ದಿನಕ್ಕೆರಡು ಸಲ ನೋಡಿ ಪ್ರಯೋಜನವಿಲ್ಲ.

ನಿಯಮ ಬರೆದಾಯಿತು, ಅದನ್ನು ಮೀರಿದರೆ ಏನು ಮಾಡಬೇಕು? ‘ಮೆದು ಎಚ್ಚರಿಕೆ’ಯಾದರೆ ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಳ್ಳುತ್ತದೆ, ‘ಮುಂದುವರಿಸಿ’ ಒತ್ತಿದರೆ ಮುಗಿಯಿತು. ‘ಗಟ್ಟಿ ತಡೆ’ಯಾದರೆ ವೈದ್ಯರು ಫೋನ್ ಮಾಡಿ ಕೇಳಿಕೊಂಡರೆ ಮಾತ್ರ ಆರ್ಡರ್ ಹೋಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಎರಡನ್ನೂ ಹೋಲಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೆದು ಎಚ್ಚರಿಕೆ ಫಲಿಸಿದ್ದು ನೂರಕ್ಕೆ ಸುಮಾರು 43 ಸಲ, ಗಟ್ಟಿ ತಡೆ 92 ಸಲ. ಹಾಗೆಂದು ಎಲ್ಲಕ್ಕೂ ಬೀಗ ಜಡಿಯುವಂತಿಲ್ಲ. ಹೃದಯಾಘಾತದ ಶಂಕೆಯಲ್ಲಿ ಟ್ರೋಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಅನ್ನು ಕೆಲವೇ ಗಂಟೆಗಳಲ್ಲಿ ಮತ್ತೆ ನೋಡಲೇಬೇಕು. ಪೊಟ್ಯಾಸಿಯಂ, ಲ್ಯಾಕ್ಟೇಟ್ (ದೇಹಕ್ಕೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಅಂಶ) ಕೂಡ ಹಾಗೆಯೇ. ಗಟ್ಟಿ ತಡೆ ಹೊಂದುವುದು ಅವಸರವೇ ಇಲ್ಲದ ಪರೀಕ್ಷೆಗಳಿಗೆ.

ಕೈಕೊಡುವುದು ಹೆಚ್ಚಾಗಿ ಸಣ್ಣ ಕಡೆಗಳಲ್ಲಿ. ‘ಸೋಡಿಯಂ’ ಎಂಬ ಆರ್ಡರ್‌ಗೂ ‘ಎಲೆಕ್ಟ್ರೊಲೈಟ್ಸ್’ ಒಳಗಿನ ಸೋಡಿಯಂಗೂ ಬೇರೆ ಬೇರೆ ಕೋಡ್ ಇದ್ದರೆ ಕಂಪ್ಯೂಟರ್‌ಗೆ ಅವು ಎರಡು ಪರೀಕ್ಷೆ. ಅಂತರವನ್ನು ಆರ್ಡರ್ ಬರೆದ ಹೊತ್ತಿನಿಂದ ಎಣಿಸಿದರೆ ತಪ್ಪು; ರಕ್ತ ತೆಗೆದ ಹೊತ್ತಿನಿಂದ ಎಣಿಸಬೇಕು. ರಕ್ತಕಣ ಒಡೆದು ಲ್ಯಾಬ್ ತಿರಸ್ಕರಿಸಿದ ಸ್ಯಾಂಪಲ್ಲನ್ನೂ ‘ಆಗಿದೆ’ ಎಂದು ಎಣಿಸಿದರಂತೂ ಅಗತ್ಯದ ಪರೀಕ್ಷೆಯೇ ನಿಂತುಹೋಗುತ್ತದೆ. ಇಂಥದ್ದು ಎರಡು ಸಲ ಆದರೆ ವೈದ್ಯರು ಆ ವ್ಯವಸ್ಥೆಯನ್ನು ನಂಬುವುದನ್ನೇ ಬಿಡುತ್ತಾರೆ.

ಬಾಸ್ಟನ್ನಿನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ಪ್ರಯೋಗ 1999ರಷ್ಟು ಹಳೆಯದಾದರೂ ಇಲ್ಲಿ ನೆನೆಯಬೇಕು. ಎಚ್ಚರಿಕೆ ಕಂಡ 437 ಆರ್ಡರ್‌ಗಳಲ್ಲಿ 300 ರದ್ದಾದವು. ಗೆದ್ದಂತೆಯೇ ಕಾಣುತ್ತದೆ. ಆದರೆ ಉಳಿತಾಯದ ಅಂದಾಜು ವರ್ಷಕ್ಕೆ ಬರೀ 35,000 ಡಾಲರ್! ನಡೆದುಹೋದ ಪುನರಾವರ್ತಿತ ಪರೀಕ್ಷೆಗಳಲ್ಲಿ ಕಂಪ್ಯೂಟರ್ ಮೂಲಕ ಬಂದವು ನೂರಕ್ಕೆ 44 ಮಾತ್ರ. ಮಿಕ್ಕವು ಅದರ ಕಣ್ಣಿಗೇ ಬಿದ್ದಿರಲಿಲ್ಲ. ನಮ್ಮ ವಾರ್ಡ್‌ಗಳಲ್ಲಿ ಚೀಟಿ ಬರೆದು ಟ್ಯೂಬ್ ಜೊತೆ ಕಳಿಸಿ, ಲ್ಯಾಬ್ ಕೌಂಟರ್‌ನಲ್ಲಿ ಎಂಟ್ರಿ ಮಾಡಿಸುವ ಪದ್ಧತಿ ಇರುವಲ್ಲಿ ಇದೇ ಕಥೆ. ಎಂಟ್ರಿ ಮಾಡುವವರಿಗೆ ಎಚ್ಚರಿಕೆ ಕಂಡು ಏನು ಫಲ? ರದ್ದು ಮಾಡುವ ಅಧಿಕಾರ ಅವರಿಗಿಲ್ಲ.

ಇನ್ನು ನಿಮ್ಮ ಒಂಬತ್ತು ಸಿಬಿಸಿ. ದಿನಕ್ಕೊಂದೇ ಆದ್ದರಿಂದ 24 ಗಂಟೆಯ ಅಂತರದ ನಿಯಮವನ್ನು ಅದು ಮೀರುವುದೇ ಇಲ್ಲ. ಮೊದಲ ದಿನ ಯಾರೋ ‘ಪ್ರತಿದಿನ ಬೆಳಿಗ್ಗೆ, ಬಿಡುಗಡೆಯವರೆಗೆ’ ಎಂದು ಒತ್ತಿರುತ್ತಾರೆ. ಆಮೇಲೆ ಯಾರೂ ನಿರ್ಧರಿಸುವುದಿಲ್ಲ, ಅದು ತಾನಾಗಿ ನಡೆಯುತ್ತದೆ. ಇಲ್ಲಿ ಎಚ್ಚರಿಕೆಗಿಂತ ಪರದೆಯ ವಿನ್ಯಾಸ ಮುಖ್ಯ ಎಂಬುದು ನಮ್ಮ ಅಭಿಪ್ರಾಯ. ‘ಬಿಡುಗಡೆಯವರೆಗೆ’ ಎಂಬ ಆಯ್ಕೆಯನ್ನೇ ತೆಗೆದು, ಮರುಕಳಿಸುವ ಆರ್ಡರ್ 72 ಗಂಟೆಗೆ ತಾನೇ ಮುಗಿಯುವಂತೆ ಮಾಡಬೇಕು. ದಾಖಲಾತಿಯ ಆರ್ಡರ್ ಪಟ್ಟಿಯಲ್ಲಿ ಮೊದಲೇ ಹಾಕಿಟ್ಟ ಟಿಕ್ ಗುರುತುಗಳನ್ನು ಅಳಿಸಬೇಕು. ಆರ್ಡರ್ ಹಾಕುವ ಜಾಗದಲ್ಲೇ ಹಿಂದಿನ ಮೂರು ಫಲಿತಾಂಶ ಕಾಣಬೇಕು. ರಕ್ತಸ್ರಾವ, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ), ಮೂತ್ರ ಹೆಚ್ಚಿಸುವ ಔಷಧ, ಡ್ರಿಪ್ ಇರುವವರಿಗೆ ನಿತ್ಯದ ಪರೀಕ್ಷೆ ಬೇಕಾಗಬಹುದು. ಅಂಥಲ್ಲಿ ವೈದ್ಯರು ಹೊಸದಾಗಿ ಬರೆಯಲಿ, ಅರ್ಧ ನಿಮಿಷದ ಕೆಲಸ.

ನಷ್ಟ ಹಣದ್ದಷ್ಟೇ ಅಲ್ಲ. ಟೊರೊಂಟೊದ 2005ರ ಅಧ್ಯಯನದ ಪ್ರಕಾರ 100 ಮಿಲಿಲೀಟರ್ ರಕ್ತ ತೆಗೆದರೆ ಹಿಮೊಗ್ಲೋಬಿನ್ ಡೆಸಿಲೀಟರಿಗೆ ಸುಮಾರು 0.7 ಗ್ರಾಂ ಇಳಿಯುತ್ತದೆ. ದಿನಕ್ಕೆ 10 ಮಿಲಿಲೀಟರ್‌ನಂತೆ ಹತ್ತೇ ದಿನದ ಲೆಕ್ಕ. ಇನ್ನೊಂದಿದೆ: ‘ಸಹಜ ಮಿತಿ’ ಎಂದರೆ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಬರುವ ಮಿತಿ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ ಆರೋಗ್ಯವಂತರಲ್ಲೂ ಒಂದಾದರೂ ಮಿತಿ ಮೀರುವ ಸಾಧ್ಯತೆ ನೂರಕ್ಕೆ 64. ಅದನ್ನು ಬೆನ್ನಟ್ಟಲು ಮತ್ತೊಂದು ಸುತ್ತು ರಕ್ತ.

ಪ್ರತಿ ಪರೀಕ್ಷೆಗೂ ಬಿಲ್ ಆಗುವ ಕಡೆ ಇದನ್ನೆಲ್ಲ ಅಳವಡಿಸುವ ಆತುರ ಯಾರಿಗೂ ಇರುವುದಿಲ್ಲ. ಆಯುಷ್ಮಾನ್ ಯೋಜನೆಯಂಥ ಪ್ಯಾಕೇಜ್ ದರದಲ್ಲಿ ಪರೀಕ್ಷೆಯ ಖರ್ಚು ಆಸ್ಪತ್ರೆಯ ಕೈಯಿಂದಲೇ ಹೋಗುತ್ತದೆ. ಅಲ್ಲಿ ಆಡಳಿತಕ್ಕೆ ಆಸಕ್ತಿ ಬೇಗ ಹುಟ್ಟೀತು. ನಿಮ್ಮ ಮಟ್ಟಿಗೆ, ಇನ್ನೊಮ್ಮೆ ಯಾರಾದರೂ ದಾಖಲಾದರೆ ಮೂರನೇ ದಿನದ ರೌಂಡ್ಸ್‌ನಲ್ಲಿ ಕೇಳಿ: ‘ನಾಳೆ ಯಾವ ಪರೀಕ್ಷೆ ಇದೆ, ಅದರ ಫಲಿತಾಂಶ ನೋಡಿ ಏನು ಬದಲಾಗುತ್ತದೆ?’ ಹಳೆಯ ವರದಿಗಳನ್ನು ತಾರೀಕಿನ ಸಮೇತ ಫೈಲಿನ ಮೇಲ್ಗಡೆಯೇ ಇಟ್ಟಿರಿ. ಬೇರೆ ಆಸ್ಪತ್ರೆಯಲ್ಲಿ ಆದದ್ದು ಸಾಮಾನ್ಯವಾಗಿ ಇಲ್ಲಿನ ಕಂಪ್ಯೂಟರ್‌ಗೆ ಕಾಣುವುದಿಲ್ಲ.