ಪ್ರಾರ್ಥನೆ ಗುಂಪಿಗೆ ಹೋದ ಮಗಳು ಮನೆಗೇ ಬರುತ್ತಿಲ್ಲ

ಪ್ರಶ್ನೆ: ನಮ್ಮದು ಮಂಜೇಶ್ವರ ಹತ್ತಿರದ ಕ್ರೈಸ್ತ ಮನೆ. 24 ವರ್ಷದ ಮಗಳು ಮಂಗಳೂರಿನಲ್ಲಿ ನರ್ಸ್. ಮೊದಲೆಲ್ಲ ಶನಿವಾರ ಸಂಜೆ ರೈಲಿಗೆ ಬರುತ್ತಿದ್ದಳು. ವರ್ಷದ ಹಿಂದೆ ಒಂದು ಪ್ರಾರ್ಥನೆ ಗುಂಪು ಸೇರಿದಳು. ಈಗ ವಾಸವೂ ಅವರ ಬಾಡಿಗೆ ಮನೆಯಲ್ಲೇ. ಸಂಬಳ ಪೂರ್ತಿ ಅವರಿಗೇ ಕೊಡುತ್ತಾಳೆ. ಫೋನ್ ಮಾಡಿದರೆ ಸ್ಪೀಕರ್ ಹಾಕಿ ಮಾತಾಡುತ್ತಾಳೆ, ಪಕ್ಕದಲ್ಲಿ ಯಾರೋ ಇರುತ್ತಾರೆ. ‘ಮನೆಯವರು ಸೈತಾನನ ಬಲೆ’ ಅನ್ನುತ್ತಾಳೆ. ಈ ಸಲ ಮೊಂತಿ ಫೆಸ್ತ್‌ಗೂ (ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ಹೊಸ ತೆನೆ ಹಬ್ಬ) ಬರಲಿಲ್ಲ. ಹೋಗಿ ಎಳೆದು ತರಲೇ?

ಉತ್ತರ: ಬೇಡ ಅಮ್ಮಾ. ಎಳೆದು ತಂದರೆ ಮನೆಯವರ ಬಗ್ಗೆ ಅಲ್ಲಿ ಹೇಳಿಕೊಟ್ಟಿದ್ದೆಲ್ಲ ನಿಜ ಅಂತ ಅವಳಿಗೆ ಅನಿಸುತ್ತದೆ. ಪ್ರಾಯಕ್ಕೆ ಬಂದವಳು, ಕಾನೂನೂ ಒಪ್ಪುವುದಿಲ್ಲ.

ನಮ್ಮ ಇಗರ್ಜಿ (ಚರ್ಚು) ಬಿಟ್ಟು ಡ್ರಮ್ಸ್ ಬಾರಿಸುವ ಸಭೆಗೆ ಹೋದ ಮಾತ್ರಕ್ಕೆ ಅದು ಕಲ್ಟ್, ಅಂದರೆ ಜನರನ್ನು ಹಿಡಿತದಲ್ಲಿಟ್ಟುಕೊಳ್ಳುವ ಪಂಥ, ಅಲ್ಲ. ಆ ನೋವು ಬೇರೆ. ನಾನು ನೋಡುವುದು ಇಷ್ಟೇ: ಅಲ್ಲಿ ಪ್ರಶ್ನೆ ಕೇಳಬಹುದಾ? ಆಗಲ್ಲ ಅನ್ನಬಹುದಾ? ಬಿಟ್ಟು ಹೊರಟರೆ ಸುಮ್ನೆ ಕಳಿಸುತ್ತಾರಾ? ಬೆರೋಯ ಅನ್ನುವ ಊರಿನ ಜನ ಪ್ರೇಷಿತ ಪೌಲನ ಮಾತನ್ನೂ ಶಾಸ್ತ್ರಕ್ಕೆ ಹಿಡಿದು ನೋಡಿದರು, ಅದಕ್ಕೇ ಬೈಬಲ್ ಅವರನ್ನು ಹೊಗಳುತ್ತದೆ (ಪ್ರೇಷಿತರ ಕಾರ್ಯಕಲಾಪ 17:11). ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಭಯ ತಂದಿದ್ದು ಆ ಸ್ಪೀಕರ್ ಫೋನ್.

ಸಂಬಳದ ವಿಷಯಕ್ಕೆ ಮಾರ್ಕ 7ನೇ ಅಧ್ಯಾಯ ಓದಿ. ಅಪ್ಪ ಅಮ್ಮನಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್, ದೇವರಿಗೆ ಕೊಟ್ಟಾಯಿತು’ ಅಂತ ಹೇಳಿ ಕೈ ತೊಳೆದುಕೊಳ್ಳುವುದನ್ನು ಯೇಸು ಅಲ್ಲಿ ಕಟುವಾಗಿ ಬೈಯುತ್ತಾರೆ. ದೇವರ ಹೆಸರಲ್ಲಿ ಮನೆಯವರನ್ನು ಬಿಡಿಸುವುದು ಹೊಸ ಚಾಳಿ ಅಲ್ಲ.

ಹಾಗಂತ ಮಗಳು ದಡ್ಡಿ ಅಂದುಕೊಳ್ಳಬೇಡಿ. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾದ ಜೋನ್ಸ್‌ಟೌನ್‌ನಲ್ಲಿ ಪಾಸ್ಟರ್ ಜಿಮ್ ಜೋನ್ಸ್‌ನ ಆಜ್ಞೆಯ ಮೇಲೆ, ಹೆಚ್ಚಿನವರು ವಿಷದಿಂದ, 900ಕ್ಕೂ ಹೆಚ್ಚು ಜನ ಸತ್ತರಲ್ವಾ, ಆ ಗುಂಪು ಶುರುವಾಗಿದ್ದು ಬಡವರಿಗೆ ಊಟ ಹಾಕುವ ಚರ್ಚಾಗಿ. ಮೊದಲು ಸಿಗುವುದು ಪ್ರೀತಿಯೇ. ನೈಟ್ ಡ್ಯೂಟಿ ಮುಗಿಸಿ ಬಂದು ಒಬ್ಬಳೇ ರೂಮಲ್ಲಿ ಕೂತ ಹುಡುಗಿಗೆ ‘ಊಟ ಆಯ್ತಾ ಮಗಳೇ’ ಅಂತ ಕೇಳಿದವರು ಅವರೇ ಇರಬೇಕು.

ಈಗ ನೀವೂ ಅದನ್ನೇ ಕೇಳಬೇಕು. ಗಲ್ಫ್‌ನಲ್ಲಿರುವ ಮಕ್ಕಳಿಗೆ ಹಬ್ಬದ ತೆನೆಯ ಕಾಳು ಲಕೋಟೆಯಲ್ಲಿ ಕಳಿಸುತ್ತೇವಲ್ಲ, ಅವಳ ಪಾಲಿನದ್ದನ್ನೂ ಎತ್ತಿಡಿ. ಡ್ಯೂಟಿ ಬಿಡುವ ಹೊತ್ತಿಗೆ ಆಸ್ಪತ್ರೆ ಗೇಟಿನ ಹತ್ತಿರ ಹೋಗಿ. ಕೈಯಲ್ಲಿ ಬುತ್ತಿ, ಆ ಕಾಳು. ಹತ್ತು ನಿಮಿಷ ಸಾಕು. ಅವರ ಪಾಸ್ಟರನ್ನು ಬೈಯಬೇಡಿ, ವಚನ ಹಿಡಿದು ವಾದಕ್ಕೆ ಇಳಿಯಬೇಡಿ. ವಾದಕ್ಕೆ ಉತ್ತರ ಅವಳಿಗೆ ಬಾಯಿಪಾಠ ಮಾಡಿಸಿರುತ್ತಾರೆ. ತಮ್ಮನ ಸುದ್ದಿ, ಹಟ್ಟಿಯ ದನದ ಸುದ್ದಿ ಹೇಳಿ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ಮೆಲ್ಲಗೆ ಕೇಳಿ: ‘ಒಂದು ದಿನ ಮನೆಗೆ ಬರಬೇಕಾದರೆ ಯಾರನ್ನು ಕೇಳಬೇಕು ಮಗಾ?’ ಉತ್ತರಕ್ಕೆ ಕಾಯಬೇಡಿ. ಅದು ಅವಳ ತಲೆಯಲ್ಲಿ ಉಳಿಯಲಿ.

ನರ್ಸಿಂಗ್ ಸರ್ಟಿಫಿಕೇಟ್, ಆಧಾರ್, ಎಟಿಎಂ ಕಾರ್ಡ್ ಯಾರ ಕೈಯಲ್ಲಿವೆ ಅಂತ ತಿಳಿದುಕೊಳ್ಳಿ. ಕೂಡಿಹಾಕಿದ್ದಾರೆ, ಹೊಡೆಯುತ್ತಾರೆ ಅಂತ ಗೊತ್ತಾದರೆ ಮಾತ್ರ ತಡ ಮಾಡದೆ 112ಕ್ಕೆ ಫೋನ್ ಮಾಡಿ.

ಬಂದ ದಿನ ‘ನಾವು ಆಗಲೇ ಹೇಳಿದ್ದೆವು’ ಅನ್ನಬೇಡಿ. ಅಲ್ಲಿಂದ ಬಂದವರಿಗೆ ನಿದ್ದೆ ಹತ್ತುವುದಿಲ್ಲ, ದೇವರು ಶಿಕ್ಷಿಸುತ್ತಾನೆ ಅನ್ನುವ ಹೆದರಿಕೆ ತಿಂಗಳುಗಟ್ಟಲೆ ಇರಬಹುದು. ತೀರಾ ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಮೊದಲ ಭಾನುವಾರವೇ ಪೂಜೆಗೆ ಎಬ್ಬಿಸಬೇಡಿ. ಮಲಗಲಿ.